‘ಒದೆ’ ಎಂಬ ಕ್ರಿಯಾಪದ

ಬಿ.ಎ. ಎರಡನೇ ವರ್ಷದಲ್ಲಿ ನಮಗೆ ಆಧುನಿಕ ಕನ್ನಡ ಕಾವ್ಯ ಪಠ್ಯವಾಗಿತ್ತು. ನವ್ಯದ ಒಂದೇ ಒಂದು ಪದ್ಯವನ್ನು ನಮ್ಮ ಮೇಷ್ಟ್ರು ಎಂಟು ದಿನ ಪಾಠ ಮಾಡಿದರು. ಬೋರ್ಡಿನ ಮೇಲೆ ಪ್ರತಿಮೆಗಳ ಪಟ್ಟಿ ಬರೆದರು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರು. ಒಂದು ಅಲ್ಪವಿರಾಮದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ನಿಜ ಹೇಳಬೇಕು, ನನಗೆ ಖುಷಿಯಾಗಿತ್ತು. ಪದ್ಯವನ್ನು ಹೀಗೂ ಬಿಚ್ಚಬಹುದಾ ಅಂತ ಬೆರಗಾಗಿದ್ದೆ. ಒಂಬತ್ತನೇ ದಿನ ಸಿದ್ಧಲಿಂಗಯ್ಯನವರ ಪದ್ಯ ಬಂತು. ಮೇಷ್ಟ್ರು ಅದನ್ನು ಒಂದು ಸಲ ಗಟ್ಟಿಯಾಗಿ ಓದಿ ಪುಸ್ತಕ ಮುಚ್ಚಿದರು. "ಇದರಲ್ಲಿ ವಿವರಿಸೋದಕ್ಕೆ ಏನೂ ಇಲ್ಲ. ಪ್ರಾಮಾಣಿಕ ಅನುಭವ ಇದೆ, ಆಕ್ರೋಶ ಇದೆ" ಅಂದರು. ಆಮೇಲೆ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನ ಕಡೆ ನೋಡಿ, "ನಿಮಗೆ ನಾನು ಹೇಳಬೇಕಾ, ಗೊತ್ತೇ ಇರುತ್ತಲ್ಲ" ಅಂದರು. ಹಾಸ್ಟೆಲ್ಲಿನ ನಾವು ಮೂರು ಜನ ತಲೆ ತಗ್ಗಿಸಿದೆವು. ಹತ್ತು ನಿಮಿಷಕ್ಕೆ ಪಾಠ ಮುಗಿದಿತ್ತು.

ಅವರು ಕೆಟ್ಟವರಲ್ಲ. ಆ ಪದ್ಯವನ್ನು ಹೊಗಳಿಯೇ ಇದ್ದರು. ಆದರೆ ಆ ಹೊಗಳಿಕೆಯಲ್ಲಿ ಒಂದು ಮೋಸ ಇತ್ತು ಅನ್ನೋದು ನನಗೆ ತಿಳಿಯೋಕೆ ಬಹಳ ವರ್ಷ ಹಿಡಿಯಿತು. ಒಬ್ಬ ಕವಿಗೆ ಎಂಟು ದಿನದ ಓದು, ಇನ್ನೊಬ್ಬ ಕವಿಗೆ ಒಂದು ಸರ್ಟಿಫಿಕೇಟು. ಅವನು ಬರೆದದ್ದು ಕಲೆ, ಇವನು ಬರೆದದ್ದು ಅನುಭವ. ಅವನು ಪದ ಆರಿಸಿದ, ಇವನ ಬಾಯಿಂದ ಪದ ತಾನಾಗಿ ಬಂತು. ದಲಿತನ ಬೆವರಿನ ಹಾಗೆ ಅವನ ಕವಿತೆಯೂ ಸುಮ್ಮನೆ ಸುರಿಯುತ್ತದೆ ಅನ್ನೋ ನಂಬಿಕೆ ಇದು. ಕಸುಬು ಅನ್ನೋ ಮಾತನ್ನು ನಮ್ಮ ಕುಲಕ್ಕೆ ಸಾವಿರಾರು ವರ್ಷ ಕಟ್ಟಿದವರು, ಕವಿತೆಯ ವಿಷಯ ಬಂದಾಗ ಮಾತ್ರ ನಮಗೆ ಕಸುಬೇ ಇಲ್ಲ ಅಂದುಬಿಟ್ಟರು!

ನಮ್ಮವರೂ ಇದನ್ನೇ ಇನ್ನೊಂದು ಬಾಯಿಂದ ಹೇಳಿದರು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದದ್ದು, ಅದರಿಂದ ಎದ್ದ ಗಲಭೆ, ಅವರು ಮಂತ್ರಿಗಿರಿ ಬಿಡಬೇಕಾಗಿ ಬಂದದ್ದು ಎಲ್ಲರಿಗೂ ಗೊತ್ತು. ಆ ಕಿಚ್ಚಿನಿಂದ ಎದ್ದು ಬಂದ ನಮ್ಮ ತಲೆಮಾರಿಗೆ ‘ತಂತ್ರ’, ‘ಬಂಧ’, ‘ಧ್ವನಿ’ ಅನ್ನೋ ಮಾತುಗಳು ಕೇಳಿದರೆ ಸಾಕು, ಜನಿವಾರದ ನೆನಪಾಗುತ್ತಿತ್ತು. "ನಮಗೆ ಕಲೆ ಬೇಡ, ಬದುಕು ಬೇಕು" ಅಂತ ವೇದಿಕೆ ಮೇಲೆ ನಾನೇ ಎಷ್ಟೋ ಸಲ ಗುದ್ದಿ ಹೇಳಿದ್ದೇನೆ. ಇವರಲ್ಲಿ ಕಲೆ ಇಲ್ಲ ಅಂತ ಅವರು, ನಮಗೆ ಕಲೆ ಬೇಡ ಅಂತ ನಾವು. ಜಗಳ ಆಡ್ತಿದ್ದೇವೆ ಅಂದುಕೊಂಡೇ ಇಬ್ಬರೂ ಒಪ್ಪಂದಕ್ಕೆ ಸಹಿ ಹಾಕಿದ್ದೆವು. ಈ ಒಪ್ಪಂದದಲ್ಲಿ ನಷ್ಟ ಆದದ್ದು ಕವಿತೆಗೆ. ಅದನ್ನು ಇಬ್ಬರೂ ಓದಲಿಲ್ಲ.

2021ರ ಜೂನಿನಲ್ಲಿ ಸಿದ್ಧಲಿಂಗಯ್ಯ ಕೋವಿಡ್‌ನಿಂದ ತೀರಿಕೊಂಡಾಗ ನಾನು ಓದಿದ ಶ್ರದ್ಧಾಂಜಲಿಗಳಲ್ಲಿ ಮತ್ತೆ ಅದೇ ಪದ: ಆಕ್ರೋಶ. ಆವತ್ತು ರಾತ್ರಿ ಅವರ ಮೂರು ಕವಿತೆಗಳನ್ನು ಎದುರಿಗಿಟ್ಟುಕೊಂಡು ಕೂತೆ. ಮೇಷ್ಟ್ರು ಎಂಟು ದಿನ ಮಾಡಿದ್ದನ್ನು ನಾನು ಇವಕ್ಕೆ ಮಾಡಬೇಕು ಅಂದುಕೊಂಡೆ. ಪ್ರತಿಮೆ ಹುಡುಕಲಿಲ್ಲ. ಕ್ರಿಯಾಪದ ಹುಡುಕಿದೆ. ಯಾರು ಮಾಡ್ತಾರೆ, ಯಾರಿಗೆ ಮಾಡ್ತಾರೆ, ಮಾಡಿದವನ ಹೆಸರು ವಾಕ್ಯದಲ್ಲಿ ಇದೆಯಾ, ಇಷ್ಟನ್ನೇ ಕೇಳಿದೆ. ಕೇರಿಯಲ್ಲಿ ಹುಟ್ಟಿದವನಿಗೆ ಈ ಪ್ರಶ್ನೆ ಹೊಸದಲ್ಲ.

*

ಮೊದಲು ‘ನನ್ನ ಜನಗಳು’. 1975ರಲ್ಲಿ ಬಂದ ‘ಹೊಲೆಮಾದಿಗರ ಹಾಡು’ ಸಂಕಲನದ ಈ ಕವಿತೆ ಪುಸ್ತಕದ ಅಂಗಡಿ ಕಾಣದವರ ಬಾಯಲ್ಲೂ ಇತ್ತು. ಇದು ಒಂದು ಪಟ್ಟಿ. ಹಸಿದವರು, ಹೊತ್ತವರು, ಉತ್ತವರು, ಅತ್ತವರು, ಬಡ್ಡಿ ಕಟ್ಟಿದವರು, ಬೂಟು ಹೊಲಿದವರು, ಚಿನ್ನ ತೆಗೆಯುವವರು, ಬಟ್ಟೆ ನೇಯುವವರು. ಪಟ್ಟಿಯ ಒಂದೊಂದು ಕಂತಿನ ಕೊನೆಗೂ ಇವರೆಲ್ಲ ನನ್ನವರು ಅನ್ನೋ ಸೊಲ್ಲು. ಮೇಲ್ನೋಟಕ್ಕೆ ವಿವರಿಸೋದಕ್ಕೆ ಏನೂ ಇಲ್ಲ, ಮೇಷ್ಟ್ರು ಹೇಳಿದ ಹಾಗೆ.

ಈಗ ಆ ‘ಅವರು’ ಅನ್ನೋದನ್ನು ಕವಿ ಹೇಗೆ ಬರೆದಿದ್ದಾರೆ ನೋಡಿ. ಗ್ರಂಥದ ‘ಅವರು’ ಇಲ್ಲ, ಕೇರಿಯ ‘ಓರು’ ಇದೆ. ‘ಆಡುಮಾತು ಬಳಸಿದ್ದಾರೆ’ ಅಂತ ಗೈಡುಗಳು ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತವೆ. ‘ಛಂದಸ್ಸಿಗೆ ಹೊಂದಲಿ ಅಂತ’ ಎಂದು ನನಗೊಬ್ಬರು ಹೇಳಿದ್ದರು. ಲೆಕ್ಕ ಹಾಕೋಣ. ‘ದುಡಿದವರು’ ಅನ್ನೋ ಪದ ತಗೊಳ್ಳಿ: ಐದು ಲಘು, ಐದು ಮಾತ್ರೆ. ‘ದುಡಿದೋರು’: ಎರಡು ಲಘು, ಒಂದು ಗುರು, ಒಂದು ಲಘು, ಅದೂ ಐದೇ ಮಾತ್ರೆ. ‘ಅವ’ ಅನ್ನೋ ಎರಡು ಲಘುವಿನ ಜಾಗದಲ್ಲಿ ‘ಓ’ ಅನ್ನೋ ಒಂದು ಗುರು ಕೂತಿದೆ. ಅಂದರೆ ಮಾತ್ರೆಯ ಲೆಕ್ಕಕ್ಕೆ ಎರಡೂ ಒಂದೇ ತೂಕ. ಗ್ರಂಥರೂಪ ಹಾಕಿದ್ದರೂ ತಾಳ ತಪ್ಪುತ್ತಿರಲಿಲ್ಲ. ಹಾಗಿದ್ದೂ ಕವಿ ‘ಓರು’ ಆರಿಸಿದರು. ಆರಿಸಿದರು ಅನ್ನೋ ಮಾತನ್ನು ನಾನು ಒತ್ತಿ ಹೇಳ್ತಿದ್ದೇನೆ.

ಆರಿಸಿದ್ದಕ್ಕೆ ಏನು ಸಿಕ್ಕಿತು? ಗಟ್ಟಿಯಾಗಿ ಹೇಳಿ ನೋಡಿ. ‘ಅವರು’ ಅಂದಾಗ ನಾಲಿಗೆ ಚಿಕ್ಕ ಹೆಜ್ಜೆ ಇಟ್ಟು ಓಡುತ್ತದೆ. ‘ಓರು’ ಅಂದಾಗ ದನಿ ಒಂದೇ ಕಡೆ ನಿಂತು ಎಳೆಯುತ್ತದೆ. ಭಾರ ಹೊತ್ತವನ ಹೆಜ್ಜೆ ಎಳೆದ ಹಾಗೆ. ಕವಿತೆಯ ಮೊದಲ ಸಾಲುಗಳ ನಡೆ ಆರು ಮಾತ್ರೆ, ಆಮೇಲೆ ಐದು. ಆ ಐದರ ಕೊನೆಗೆ ಒಂದು ಮಾತ್ರೆಯಷ್ಟು ಬಿಡುವು ಉಳಿಯುತ್ತದೆ. ಗಾರೆ ಕೆಲಸದ ಹೆಂಗಸು ಮಂಕರಿ ಇಳಿಸಿ ಉಸಿರು ಬಿಟ್ಟು ಮತ್ತೆ ಬಗ್ಗುವಷ್ಟು. ನೂರು ಜನ ಕೂಡಿ ಹಾಡುವಾಗ ಎಲ್ಲರೂ ಉಸಿರು ತಗೊಳ್ಳೋದೂ ಅಲ್ಲೇ. ಇದನ್ನು ತಂತ್ರ ಅನ್ನದೆ ಏನನ್ನೋಣ?

ಕವಿತೆ ಕಲ್ಲಿನ ಮಾತು ಬಂದಾಗ ‘ಸೈಜುಗಲ್ಲು’ ಅನ್ನುತ್ತದೆ. ಶಿಲೆ ಅನ್ನಲಿಲ್ಲ, ಬಂಡೆ ಅನ್ನಲಿಲ್ಲ. ಅಳತೆಗೆ ಒಡೆದು, ಪಾಯಕ್ಕೆ, ಗೋಡೆಗೆ ತಯಾರಾದ ಕಲ್ಲು ಅದು. ಹೊತ್ತವನಿಗೆ ಗೊತ್ತಿರೋ ಹೆಸರು. ‘ಶಿಲೆ’ ಅಂದಿದ್ದರೆ ನಾವು ಅದನ್ನು ನೋಡುತ್ತಾ ನಿಲ್ಲುತ್ತಿದ್ದೆವು. ‘ಸೈಜುಗಲ್ಲು’ ಅಂದ ಕೂಡಲೇ ಹೆಗಲು ನೋಯುತ್ತದೆ. ಇಂಗ್ಲಿಷಿನ ಪದವೊಂದು ಕಲ್ಲುಕುಟಿಗರ ಬಾಯಲ್ಲಿ ಕನ್ನಡವಾಗಿ, ಅಲ್ಲಿಂದ ಕಾವ್ಯಕ್ಕೆ ಬಂತು. ಅಲಂಕಾರದ ವಿಷಯಕ್ಕೆ ಬಂದರೆ, ಈ ಕವಿತೆಯಲ್ಲಿ ಎದ್ದು ಕಾಣೋ ರೂಪಕ ಇರುವುದು ಭಾಷಣದ ಮಾತು ಬಂದ ಕಡೆ. ಅಲ್ಲಿ ಭಾಷಣವೇ ಬೆಂಕಿ, ಜನ ಅದರಲ್ಲಿ ಬೆಂದು ಹೋದರು. ಕಲ್ಲಿಗೆ, ಹಸಿವಿಗೆ, ಬೆವರಿಗೆ ರೂಪಕ ಬೇಕಾಗಲಿಲ್ಲ. ಅಲಂಕಾರದ ಬೆಂಕಿ ಹಚ್ಚೋರು ಯಾರು ಅನ್ನೋದನ್ನು ಕವಿ ಅಲಂಕಾರದಲ್ಲೇ ಹೇಳಿದ್ದಾರೆ.

ಈಗ ಕ್ರಿಯಾಪದಕ್ಕೆ ಬರ್ತೀನಿ. ಕೊನೆಯ ಸಾಲುಗಳ ತನಕ ಈ ಕವಿತೆಯಲ್ಲಿ ಕ್ರಿಯೆಗಳೆಲ್ಲ ‘ಓರು’ ಹಚ್ಚಿಕೊಂಡು ಹೆಸರುಗಳಾಗಿ ಬರುತ್ತವೆ. ವ್ಯಾಕರಣದವರು ಇವನ್ನು ಕೃದಂತನಾಮ ಅನ್ನುತ್ತಾರೆ. ಹೊತ್ತರು ಅನ್ನೋ ಕ್ರಿಯಾಪದ ಇಲ್ಲ, ಹೊತ್ತೋರು ಅನ್ನೋ ನಾಮಪದ ಇದೆ. ಕೆಲಸ ಮಾಡಿ ಮಾಡಿ ಜನ ಆ ಕೆಲಸದ ಹೆಸರೇ ಆಗಿಹೋಗಿದ್ದಾರೆ. ಜಾತಿ ಅಂದರೆ ಇದೇ ಅಲ್ಲವೇ? ಮಾಡಿದ ಕೆಲಸವನ್ನು ಮಾಡಿದವನ ಹೆಸರಿಗೇ ಅಂಟಿಸುವುದು! ಅಸಮಾನತೆಯ ಬಗ್ಗೆ ಒಂದು ಭಾಷಣವೂ ಇಲ್ಲದೆ, ಬರೀ ಪ್ರತ್ಯಯದಿಂದ ಕವಿ ಇದನ್ನು ಸಾಧಿಸಿದರು.

ಕೊನೆಗೆ ಮುಗಿದ ಕ್ರಿಯಾಪದ ಬರುತ್ತದೆ. ಓದುಗನಿಗೆ ಬಿಡುಗಡೆ ಸಿಗಬೇಕು. ಆದರೆ ಬರುವುದು ಯಾವುದು? ಹೇಳಿದ್ದು ಕೇಳುವುದು, ಗಾಳಿ ನೆಚ್ಚಿ ಬದುಕುವುದು. ಈ ಜನಕ್ಕೆ ದಕ್ಕಿದ ಮುಗಿದ ಕ್ರಿಯಾಪದ ವಿಧೇಯತೆಯದು. ಕನ್ನಡದಲ್ಲಿ ‘ಕೇಳು’ ಅನ್ನೋ ಧಾತುವಿಗೆ ಎರಡು ಮುಖ: ಹೇಳಿದಂತೆ ನಡೆ ಅನ್ನೋದೂ ಹೌದು, ಪ್ರಶ್ನೆ ಮಾಡು ಅನ್ನೋದೂ ಹೌದು. ಕವಿತೆ ಮೊದಲನೇ ಮುಖ ತೋರಿಸಿ ನಿಲ್ಲುತ್ತದೆ. ಎರಡನೆಯದು ಇನ್ನೂ ತಿರುಗಿಲ್ಲ.

*

ಇದೇ ಕವಿತೆಯ ಮೊದಲಲ್ಲೇ ‘ಒದೆ’ ಅನ್ನೋ ಧಾತು ಇದೆ. ಅದರ ರೂಪ ‘ಒದೆಸಿಕೊಳ್ಳು’. ಈ ‘ಇಸಿಕೊಳ್ಳು’ ಕನ್ನಡದ ವಿಚಿತ್ರ ರೂಪ. ಅಂಗಿ ಹೊಲಿಸಿಕೊಂಡ, ಅರ್ಜಿ ಬರೆಸಿಕೊಂಡ, ಒದೆಸಿಕೊಂಡ. ಮೂರಕ್ಕೂ ಒಂದೇ ವ್ಯಾಕರಣ. ದರ್ಜಿಯ ಹತ್ತಿರ ತಾನೇ ಹೋಗಿ, ಅಳತೆ ಕೊಟ್ಟು ಮಾಡಿಸಿಕೊಂಡ ಹಾಗೆ ಒದೆಯನ್ನೂ ಮಾಡಿಸಿಕೊಂಡ! ಒದ್ದವನು ವಾಕ್ಯದಲ್ಲಿ ಇಲ್ಲ. ಒದೆ ತಿಂದವನೇ ಕರ್ತೃ. "ಏನೋ ಮಾಡಿರ್ಬೇಕು ಬುಡು, ಅದ್ಕೇ ಒದೆಸ್ಕಂಡ" ಅಂತ ಊರಿನ ಜಗಲಿ ಮೇಲೆ ಕೂತವರು ಹೇಳೋದು ಈ ವ್ಯಾಕರಣದ ಆಸರೆಯಲ್ಲೇ. ಕವಿ ಆ ರೂಪವನ್ನು ತಿದ್ದಲಿಲ್ಲ. ನಮ್ಮ ಜನ ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಹಾಗೆ ಇಟ್ಟರು. ಪದ್ಯವನ್ನು ನಿಧಾನಕ್ಕೆ ಓದಿದವನಿಗೆ ಮಾತ್ರ ಒಂದು ಪ್ರಶ್ನೆ ಹುಟ್ಟುತ್ತದೆ: ಹಾಗಾದರೆ ಒದ್ದವನು ಎಲ್ಲಿ?

ಅವನು ಅದೇ ಸಂಕಲನದ ಇನ್ನೊಂದು ಕವಿತೆಯಲ್ಲಿ ಸಿಗುತ್ತಾನೆ. ಒದೆಯಿರಿ, ಚರ್ಮ ಎಬ್ಬಿರಿ ಅಂತ ಕೂಗುವ ಆ ಕವಿತೆ ಗೊತ್ತಲ್ಲ, ಸಂಭಾವಿತರ ನಿದ್ದೆ ಕೆಡಿಸಿದ್ದು. ಅಲ್ಲಿ ಅದೇ ‘ಒದೆ’ ವಿಧ್ಯರ್ಥಕ್ಕೆ ಬಂದಿದೆ, ಅಪ್ಪಣೆಯ ರೂಪಕ್ಕೆ. ಮಡಿವಂತ ವಿಮರ್ಶೆ ಬೈಗುಳ ಕೇಳಿ ಅಲ್ಲೇ ಕಿವಿ ಮುಚ್ಚಿಕೊಂಡಿತು. ನಮ್ಮವರು ಬೈಗುಳಕ್ಕೆ ಶಿಳ್ಳೆ ಹಾಕಿ ಅಲ್ಲೇ ನಿಂತರು. ಬೈಗುಳ ದಾಟಿ ಒಳಕ್ಕೆ ಹೋದರೆ ಅಲ್ಲಿರೋದು ಅಚ್ಚುಕಟ್ಟಾದ ತರ್ಕ. ಜೋಡಿ ಜೋಡಿ ಮಾತು: ಅವರು ಆಡೋದು ಒಂದು, ಮಾಡೋದು ಇನ್ನೊಂದು. ದೇವರ ಏಕತ್ವ ಸಾರುವ ಬಾಯಿ ಒಂದು ಕಡೆ, ಬೀದಿಬೀದಿಗೆ ಬೇರೆ ಗುಡಿ ಎಬ್ಬಿಸುವ ಕೈ ಇನ್ನೊಂದು ಕಡೆ. ಎಲ್ಲರೂ ಅವನ ಸಂತಾನ ಅನ್ನೋ ಉಪದೇಶ ಒಂದು ಕಡೆ, ಹೊಲೆಯನ ನೆರಳು ಕಂಡರೆ ಸರಿದು ನಿಲ್ಲೋ ಕಾಲು ಇನ್ನೊಂದು ಕಡೆ. ನಾಯಿಗೆ ಇರೋ ಸಲಿಗೆ ನಮಗಿಲ್ಲ. ನಾವು ಬೆಳೆದ ಬೆಳೆ ಬೇಕು, ನಾವು ಬೇಡ. ಕೋರ್ಟಿನಲ್ಲಿ ಸಾಕ್ಷಿಯ ಮುಂದೆ ಅವನದೇ ಹಳೇ ಹೇಳಿಕೆ ಹಿಡಿಯುವ ವಕೀಲನ ವರಸೆ ಇದು. ಇದನ್ನು ‘ಆಕ್ರೋಶ’ ಅಂತ ಒಂದೇ ಪದದಲ್ಲಿ ಕಟ್ಟಿಟ್ಟರೆ ಅದರ ಬುದ್ಧಿಯನ್ನು ಕದ್ದ ಹಾಗಾಗುತ್ತದೆ. ದಲಿತನಿಗೆ ಸಿಟ್ಟು ಇರಬಹುದು, ತರ್ಕ ಇರಬಾರದು!

ಇಲ್ಲಿ ಮುಗಿದ ಕ್ರಿಯಾಪದಗಳು ಬಹುಪಾಲು ‘ಅವರ’ ಸ್ವತ್ತು: ಅಂತಾರೆ, ತಿಂತಾರೆ. ‘ನಮ್ಮ’ ಪಾಲಿಗೆ ಬಂದದ್ದು ಅಪ್ಪಣೆ. ಆ ಅಪ್ಪಣೆಯ ಬಾಲದಲ್ಲಿ ಒಂದು ‘ಲಾ’ ಇದೆ. ಹಳೇ ಮೈಸೂರು ಸೀಮೆಯಲ್ಲಿ ಈ ‘ಲಾ’ದ ಇತಿಹಾಸ ನಮಗೆ ಗೊತ್ತು. ಗೌಡರ ಮನೆಯ ಹತ್ತು ವರ್ಷದ ಹುಡುಗ ನನ್ನ ತಾತನನ್ನು ಕೂಗುತ್ತಿದ್ದದ್ದು ಅದೇ ‘ಲಾ’ದಲ್ಲಿ. ಅದೇ ‘ಲಾ’ ನಾವು ನಾವೇ ಕೂತಾಗ ಗೆಳೆತನದ ಮಾತು. ಕವಿ ಅವಮಾನದ ‘ಲಾ’ವನ್ನು ಕಿತ್ತುಕೊಂಡು ಸಲಿಗೆಯ ‘ಲಾ’ ಮಾಡಿ ನಮ್ಮನ್ನು ಕೂಗಿದರು. ಪದ್ಯ ಮೇಲ್ಜಾತಿಯವನ ಕಡೆ ಮುಖ ಮಾಡಿಲ್ಲ ಅನ್ನೋದು ಆ ಒಂದು ಅಕ್ಷರದಿಂದ ಗೊತ್ತಾಗುತ್ತದೆ. ಅವನು ಇಲ್ಲಿ ಕೇಳಿಸಿಕೊಳ್ಳೋನು ಮಾತ್ರ, ಮಾತು ಅವನಿಗಲ್ಲ. ಕನ್ನಡ ಕಾವ್ಯ ಅವನನ್ನು ಹೀಗೆ ಹೊರಗೆ ನಿಲ್ಲಿಸಿದ್ದು ಎಷ್ಟು ಸಲ?

ಆದರೆ ‘ಲಾ’ ಗಂಡಸರನ್ನು ಕೂಗುವ ಮಾತು. ಹೆಂಗಸರಿಗೆ ನಮ್ಮ ಕಡೆ ‘ಅಮ್ಮಿ’ ಅಂತೀವಿ. ಹಾಗಾಗಿ ಈ ಕರೆ ಕೇರಿಯ ಅರ್ಧ ಜನಕ್ಕೆ ಕೇಳಿಸಲಿಲ್ಲ. ಕವಿಯನ್ನು ಮೆಚ್ಚುತ್ತಲೇ ಇದನ್ನು ಹೇಳಬೇಕು. ಪದವನ್ನು ಪದವಾಗಿ ಓದಿದರೆ ಮಾತ್ರ ಮೆಚ್ಚುಗೆಗೂ ತಕರಾರಿಗೂ ಬುಡ ಸಿಗುತ್ತದೆ.

ಮೂರನೆಯದು 1979ರ ‘ಸಾವಿರಾರು ನದಿಗಳು’ ಸಂಕಲನದ ಅದೇ ಹೆಸರಿನ ಕವಿತೆ. ಒಂದು ಮೆರವಣಿಗೆ. ಇಲ್ಲಿ ಅದೇ ಜನ ಬರುತ್ತಾರೆ. ಈಗ ಅವರಿಗೆ ‘ಓರು’ ಇಲ್ಲ, ‘ಅರು’ ಅನ್ನೋ ಆಖ್ಯಾತ ಪ್ರತ್ಯಯ ಸಿಕ್ಕಿದೆ. ಬಂದರು ಅನ್ನೋ ಭೂತಕಾಲದ, ಮುಗಿದ, ಸ್ವಂತದ ಕ್ರಿಯಾಪದ. ನಿನ್ನೆ ನಡೆದ ಸಂಗತಿ ಅನ್ನೋ ಧಾಟಿ, ಪೇಪರಿನ ವರದಿಯ ಹಾಗೆ. ಆಗಬೇಕು ಅನ್ನೋ ಆಸೆಯನ್ನು ಆಗಿಹೋಯಿತು ಅನ್ನೋ ಕಾಲದಲ್ಲಿ ಹೇಳುವುದು ಎಂಥಾ ಧೈರ್ಯ! ಮೊದಲ ಕವಿತೆಯಲ್ಲಿ ಬಿಗಿ ಹಿಡಿದಿದ್ದ ಹೋಲಿಕೆಗಳು ಇಲ್ಲಿ ಧಾರಾಳ. ಜನ ಬೆಟ್ಟವೂ ಹೌದು, ಇರುವೆಯ ಸಾಲೂ ಹೌದು. ಕೊನೆಗೆ ನದಿಗಳು. ಬೆಟ್ಟದಷ್ಟು ದೊಡ್ಡದು, ಇರುವೆಯಷ್ಟು ಶಿಸ್ತು. ಚಲನೆ ಬಂದ ಮೇಲೆ ಉಪಮೆ ಬಂತು.

ಇಲ್ಲೂ ‘ಒದೆ’ ಇದೆ. ಈಗ ಅದು ‘ಒದ್ದರು’. ಒದ್ದದ್ದು ಯಾರನ್ನು? ನಿದ್ದೆಯನ್ನು. ಗೌಡನನ್ನಲ್ಲ, ಪೂಜಾರಿಯನ್ನಲ್ಲ. ಎಪ್ಪತ್ತರ ದಶಕದ ಎಷ್ಟೋ ವಿಮರ್ಶಕರು ಹೆದರಿದ ಹಿಂಸೆ ಇಲ್ಲಿ ಯಾವ ರೂಪ ತಾಳಿದೆ ನೋಡಿ. ಒದೆಸಿಕೊಂಡು ಬಿದ್ದವರು, ಒದೆಯಿರಿ ಅನ್ನೋ ಕೂಗು ಕೇಳಿದವರು, ಎದ್ದು ಒದ್ದದ್ದು ತಮ್ಮ ನಿದ್ದೆಯನ್ನು. ಒಂದು ಧಾತು, ಮೂರು ರೂಪ: ಇಸಿಕೊಳ್ಳು, ವಿಧ್ಯರ್ಥ, ಭೂತಕಾಲ. ಕವಿ ಇದನ್ನು ಲೆಕ್ಕ ಹಾಕಿ ಬರೆದರು ಅಂತ ನಾನು ಹೇಳೋದಿಲ್ಲ. ಬರೆಯೋ ಕೈ ಮಾಡಿದ್ದನ್ನೆಲ್ಲ ಮನಸ್ಸು ಲೆಕ್ಕ ಇಟ್ಟಿರೋದಿಲ್ಲ. ಆದರೆ ಪದ್ಯದಲ್ಲಿ ಅದು ಇದೆ, ಬೆರಳಿಟ್ಟು ತೋರಿಸಬಹುದು. ಆಕ್ರೋಶ ಅಂತ ಹತ್ತು ನಿಮಿಷಕ್ಕೆ ಪುಸ್ತಕ ಮುಚ್ಚಿದವರಿಗೆ ಕಾಣಲಿಲ್ಲ ಅಷ್ಟೇ.

*

ಇದನ್ನು ಒಂದು ಸಭೆಯಲ್ಲಿ ಹೇಳಿದಾಗ ಸಂಘಟನೆಯ ಗೆಳೆಯರೊಬ್ಬರು ಎದ್ದು, "ಜನ ಸಾಯ್ತಾವ್ರೆ, ನೀವು ಪ್ರತ್ಯಯ ಎಣಿಸ್ತಾ ಕೂತಿದ್ದೀರಲ್ಲ ಸಾರ್" ಅಂದರು. ಚಪ್ಪಾಳೆ ಬಿತ್ತು. ಅವರಿಗೆ ಅಂದು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಈಗ ಕೊಡ್ತೀನಿ.

2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ಪ್ರತಿಕೂಲವಾದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಆ ತೀರ್ಪನ್ನು ಎತ್ತಿಹಿಡಿಯಿತು. ಈಗ ದಾಖಲೆಯ ಪ್ರಕಾರ ಏನು ಉಳಿಯಿತು? ‘ಏಳು ಜನ ಸತ್ತರು’ ಅನ್ನೋ ವಾಕ್ಯಕ್ಕೆ ಕರ್ತೃ ಇದ್ದಾರೆ. ‘ಸುಟ್ಟರು’ ಅನ್ನೋ ವಾಕ್ಯಕ್ಕೆ ಕರ್ತೃ ಇಲ್ಲ. ಒದ್ದವನಿಲ್ಲದ ‘ಒದೆಸಿಕೊಂಡ’ ಅನ್ನೋ ವ್ಯಾಕರಣ ಜಗಲಿಯಿಂದ ನ್ಯಾಯಾಲಯದ ಕಡತದವರೆಗೂ ನಡೆದುಹೋಗಿದೆ. ಕ್ರಿಯಾಪದ ಯಾರ ಕೈಲಿದೆ ಅಂತ ಕೇಳೋದು ಸಾಹಿತ್ಯದ ಶೋಕಿ ಅಂತ ಈಗಲೂ ಅನ್ನಿಸಿದರೆ ಹೇಳಿ ಗೆಳೆಯರೇ, ಎಣಿಸೋದು ನಿಲ್ಲಿಸ್ತೀನಿ.

*

ಇನ್ನೊಂದು ಮಾತು ಹೇಳದೆ ಮುಗಿಸಿದರೆ ಈ ಲೇಖನ ಸುಳ್ಳಾಗುತ್ತದೆ.

1994ರ ಸುಮಾರಿಗೆ ನಾವು ಕೆಲವರು ಸೇರಿ ಒಂದು ಪುಟ್ಟ ಪತ್ರಿಕೆ ತರುತ್ತಿದ್ದೆವು. ಪದ್ಯ ಆರಿಸೋ ಕೆಲಸ ನನ್ನದು. ಬಂದ ಪದ್ಯಗಳಲ್ಲಿ ಮುಕ್ಕಾಲು ಪಾಲು ಕೆಂಡ, ಕಿಚ್ಚು, ಕತ್ತಿ. ಸಿದ್ಧಲಿಂಗಯ್ಯನವರ ಸಿಟ್ಟನ್ನು ನಕಲು ಮಾಡಿದ್ದರು, ಕಸುಬನ್ನು ಮಾಡಿರಲಿಲ್ಲ. ಅವನ್ನೇ ಹಾಕುತ್ತಿದ್ದೆ. ಒಂದು ಸಲ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ನೋಟ್‌ಬುಕ್ಕಿನ ಹಾಳೆಯಲ್ಲಿ ಪದ್ಯ ಕಳಿಸಿದಳು. ಬೋರ್‌ವೆಲ್ ಹತ್ತಿರ ನೀರಿಗೆ ಕಾದ ಸಂಗತಿ. ನಾನು ಪೋಸ್ಟ್ ಕಾರ್ಡ್ ಬರೆದೆ: ‘ಅನುಭವ ಚೆನ್ನಾಗಿದೆ. ದಲಿತ ಸಂವೇದನೆಯ ತೀವ್ರತೆ, ಆಕ್ರೋಶ ಸಾಲದು. ಪ್ರಯತ್ನ ಮುಂದುವರಿಸಿ.’

ಆ ಹಾಳೆ ಹೋದ ವರ್ಷ ಹಳೇ ಫೈಲಿನಲ್ಲಿ ಸಿಕ್ಕಿತು. ಈಗ ಓದಿದೆ. ಪದ್ಯದಲ್ಲಿ ಬೇರೆಯವರ ಬಾಯಿಂದ ಮೂರು ಅಪ್ಪಣೆಗಳು ಬರುತ್ತವೆ: ಇಳಿಸು, ಸರಿ, ಆಮೇಲೆ ಬಾ. ಯಾರು ಹೇಳಿದರು ಅಂತ ಇಲ್ಲ. ಪ್ರತಿ ಅಪ್ಪಣೆಯ ಕೆಳಗೆ ಅವಳ ಒಂದೊಂದೇ ಪದ: ಇಳಿಸಿದೆ, ಸರಿದೆ, ಬಂದೆ. ಕೊನೆಯಲ್ಲಿ ಒಂದು ಕ್ರಿಯಾಪದ ಇದೆ: ಎತ್ತಿಕೊಂಡೆ. ಅದರ ಮೇಲೆ ಅಪ್ಪಣೆಯ ಸಾಲು ಇಲ್ಲ. ಯಾರೂ ಹೇಳಲಿಲ್ಲ, ಅವಳು ಎತ್ತಿಕೊಂಡಳು. ಇಡೀ ಪದ್ಯ ಇರೋದು ಆ ಖಾಲಿ ಬಿಟ್ಟ ಸಾಲಿನಲ್ಲಿ.

ಹದಿನೇಳು ವರ್ಷದ ಹುಡುಗಿ ಅದನ್ನು ಕಂಡುಕೊಂಡಿದ್ದಳು. ‘ಲಾ’ ಅಂತ ಯಾರೂ ಕೂಗದಿದ್ದರೂ ತಾನೇ ಎದ್ದಿದ್ದಳು. ವಿಮರ್ಶಕ ಅನ್ನಿಸಿಕೊಂಡ ನಾನು ಆ ಪುಸ್ತಕವನ್ನೂ ಹತ್ತು ನಿಮಿಷಕ್ಕೆ ಮುಚ್ಚಿದೆ. ನನ್ನ ಮೇಷ್ಟ್ರು ಆಕ್ರೋಶ ಇದೆ ಅಂತ ಓದಲಿಲ್ಲ, ನಾನು ಆಕ್ರೋಶ ಇಲ್ಲ ಅಂತ ಓದಲಿಲ್ಲ. ಆಮೇಲೆ ಅವಳಿಂದ ಪದ್ಯ ಬರಲಿಲ್ಲ. ಹಾಳೆಯ ಮೇಲೆ ಇದ್ದ ವಿಳಾಸಕ್ಕೆ ಹೋದ ತಿಂಗಳು ಕಾಗದ ಬರೆದೆ. ವಿಳಾಸದಾರರು ಇಲ್ಲ ಅಂತ ಹಿಂದಕ್ಕೆ ಬಂತು.

ದಲಿತ ವಿಮರ್ಶೆ ಹೇಗಿರಬೇಕು ಅಂತ ಈ ಸಂಚಿಕೆಯಲ್ಲಿ ಹಲವರು ದೊಡ್ಡ ಮಾತುಗಳನ್ನು ಆಡಿರುತ್ತಾರೆ. ನನ್ನದು ಸಣ್ಣ ಮಾತು. ಪದ್ಯ ಕೈಗೆ ಬಂದಾಗ ಸರ್ಟಿಫಿಕೇಟಿನ ಪುಸ್ತಕ ಪಕ್ಕಕ್ಕಿಡಿ. ಯಾರು ಮಾಡಿದರು, ಯಾರಿಗೆ ಹೇಳಿದರು, ಹೇಳದೆ ಬಿಟ್ಟದ್ದು ಯಾವುದು ಅಂತ ಕೇಳಿ. ಎಂಟು ದಿನ ಓದಿ.